ಲಿಂಕ್, ಖಾತೆ, ಡೊಮೈನ್: ಕಾಪಿರೈಟ್ ತಡೆಯಾಜ್ಞೆಯ ಅಳತೆ

2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವೊಂದು ಟ್ವಿಟರ್‌ಗೆ ಕೊಟ್ಟ ಆದೇಶವನ್ನು ಕಾಪಿರೈಟ್ ವಿಷಯದಲ್ಲಿ ಆಸಕ್ತಿ ಇರುವವರೆಲ್ಲ ಗಮನಿಸಬೇಕು. ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ಪ್ರಚಾರದ ವಿಡಿಯೊದಲ್ಲಿ ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ಸಂಗೀತ ಕಂಪನಿ ಎಂಆರ್‌ಟಿ ಮ್ಯೂಸಿಕ್ ದಾವೆ ಹೂಡಿತ್ತು. ಮೂಲ ಹಾಡನ್ನೂ ಪ್ರಚಾರದ ವಿಡಿಯೊವನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಸಿಡಿಯನ್ನು ವಾದಿ ಹಾಜರುಪಡಿಸಿತು. ಮೇಲ್ನೋಟಕ್ಕೆ ಉಲ್ಲಂಘನೆ ಕಾಣುತ್ತದೆ ಎಂದ ನ್ಯಾಯಾಲಯ, ಎದುರು ಪಕ್ಷದ ಮಾತು ಕೇಳುವ ಮೊದಲೇ ಆ ಲಿಂಕ್‌ಗಳನ್ನು ತೆಗೆಯಲು ಹೇಳಿತು. ಸಾಕ್ಷ್ಯ ಕಾಪಾಡಲು ನ್ಯಾಯಾಲಯದ ಕಂಪ್ಯೂಟರ್ ವಿಭಾಗದ ಅಧಿಕಾರಿಯನ್ನು ಕಮಿಷನರ್ ಆಗಿ ನೇಮಿಸಿತು. ಜೊತೆಗೆ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು.

ಮರುದಿನವೇ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಪಡಿಸಿತು. ಆದರೆ ಹಾಡು ಬಳಸಿದ ತುಣುಕನ್ನು ತೆಗೆಯಬೇಕು ಎಂಬ ಷರತ್ತನ್ನು ಇಟ್ಟಿತು.

ಕಮಿಷನರ್ ನೇಮಕ ಆ ಆದೇಶದ ಅತ್ಯಂತ ವಿವೇಕದ ಭಾಗ. ಟ್ವೀಟ್ ಅಳಿಸಲು ಒಂದು ಕ್ಷಣ ಸಾಕು, ಅಳಿಸಿದ ಮೇಲೆ ಏನಿತ್ತು ಎಂಬ ವಾದವೇ ವರ್ಷಗಟ್ಟಲೆ ನಡೆಯುತ್ತದೆ. ಖಾತೆಯನ್ನೇ ಮುಚ್ಚಿಸಿದ್ದು ಮಾತ್ರ ಅಳತೆ ಮೀರಿದ ಕ್ರಮ. ದೂರು ಇದ್ದದ್ದು ಸುಮಾರು 45 ಸೆಕೆಂಡಿನ ತುಣುಕಿನ ಬಗ್ಗೆ ಎಂದು ಪಕ್ಷದ ವಕೀಲರು ವಾದಿಸಿದ್ದರು. ಖಾತೆ ಮುಚ್ಚಿದರೆ ಆ ಹಾಡಿಗೆ ಸಂಬಂಧವೇ ಇಲ್ಲದ ಸಾವಿರಾರು ಬರಹಗಳೂ ಅದರೊಂದಿಗೆ ಮುಚ್ಚಿಹೋಗುತ್ತವೆ.

ಡಿಜಿಟಲ್ ವ್ಯಾಜ್ಯದಲ್ಲಿ ತೀರ್ಪಿಗಿಂತ ಮೊದಲ ದಿನದ ಮಧ್ಯಂತರ ಆದೇಶಕ್ಕೇ ತೂಕ ಹೆಚ್ಚು. ಸಿನಿಮಾ ಬಿಡುಗಡೆಯಾಗಿ ಎರಡು ವಾರ ಕಳೆದ ಮೇಲೆ ಸಿಗುವ ತಡೆಯಾಜ್ಞೆಯಿಂದ ನಿರ್ಮಾಪಕರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಹಾಗೆಯೇ, ತಪ್ಪಾಗಿ ತಡೆಗೆ ಒಳಗಾದ ಜಾಲತಾಣಕ್ಕೆ ಎರಡು ವರ್ಷದ ನಂತರ ಸಿಗುವ ಗೆಲುವೂ ಅಷ್ಟೇ. ಆದ್ದರಿಂದ ನ್ಯಾಯಾಧೀಶರು ಉಲ್ಲಂಘನೆ ಆಗಿದೆಯೇ ಎಂದು ಕೇಳಿ ಅಲ್ಲಿಗೇ ನಿಲ್ಲಬಾರದು. ಯಾರಿಗೆ ಆದೇಶ ಕೊಡಬೇಕು, ಅವರಿಂದ ಏನು ಮಾಡಲು ಸಾಧ್ಯ ಎಂದೂ ಕೇಳಬೇಕು.

ಎಡವಟ್ಟು ಆಗುವುದು ಈ ಎರಡನೆಯ ಪ್ರಶ್ನೆಯಲ್ಲೇ. ಒಂದು ನಿರ್ದಿಷ್ಟ ವಿಡಿಯೊವನ್ನು ಮಾತ್ರ ತೆಗೆಯುವುದು ಯೂಟ್ಯೂಬ್‌ನಂಥ ವೇದಿಕೆಗೆ ಸಾಧ್ಯ. ಡೊಮೈನ್ ಅಂದರೆ ತಾಣದ ಹೆಸರನ್ನು ನೋಂದಣಿ ಮಾಡಿಕೊಟ್ಟ ಕಂಪನಿ ಇಡೀ ಹೆಸರನ್ನು ಅಮಾನತಿನಲ್ಲಿ ಇಡಬಲ್ಲದೇ ಹೊರತು ಒಳಗಿನ ಒಂದು ಪುಟವನ್ನು ಮುಟ್ಟಲಾರದು. ಗೂಗಲ್ ಹುಡುಕಾಟದ ಫಲಿತಾಂಶದಿಂದ ಕೊಂಡಿ ತೆಗೆಯಬಹುದು, ಪುಟ ಇದ್ದಲ್ಲೇ ಇರುತ್ತದೆ. ಇಂಟರ್ನೆಟ್ ಸೇವೆ ಕೊಡುವ ಕಂಪನಿಯದು ಎಲ್ಲಕ್ಕಿಂತ ಒರಟು ಉಪಕರಣ. ಇಂದು ಬಹುಪಾಲು ತಾಣಗಳು ಎಚ್‌ಟಿಟಿಪಿಎಸ್‌ನಲ್ಲಿ ನಡೆಯುತ್ತವೆ, ಸಂಪರ್ಕ ಗೂಢಲಿಪಿಯಲ್ಲಿರುತ್ತದೆ. ಗ್ರಾಹಕ ಯಾವ ತಾಣಕ್ಕೆ ಹೋಗುತ್ತಿದ್ದಾನೆ ಎಂಬುದು ಸೇವಾ ಕಂಪನಿಗೆ ಸಾಮಾನ್ಯವಾಗಿ ತಿಳಿಯುತ್ತದೆ, ಅಲ್ಲಿನ ಯಾವ ಪುಟ ಎಂಬುದು ತಿಳಿಯುವುದಿಲ್ಲ. ‘ಈ ಲಿಂಕನ್ನು ಮಾತ್ರ ತಡೆಯಿರಿ’ ಎಂದು ಅದಕ್ಕೆ ಆದೇಶ ಕೊಟ್ಟರೆ ಎರಡೇ ದಾರಿ ಉಳಿಯುತ್ತವೆ: ಇಡೀ ತಾಣವನ್ನು ತಡೆಯುವುದು, ಇಲ್ಲವೇ ಸುಮ್ಮನಿರುವುದು. ಐಪಿ ವಿಳಾಸ, ಅಂದರೆ ಸರ್ವರ್‌ನ ಅಂಕಿಗಳ ವಿಳಾಸ, ಕೊಟ್ಟು ತಡೆಯಿರಿ ಎಂದರೆ ಇನ್ನೂ ಅಪಾಯ. ಒಂದೇ ಐಪಿ ವಿಳಾಸದಡಿ ನೂರಾರು ತಾಣಗಳು ಇರುವುದುಂಟು. ಕಳ್ಳ ತಾಣದ ಜೊತೆ ಯಾರದೋ ಶಾಲೆಯ, ಆಸ್ಪತ್ರೆಯ ತಾಣವೂ ಮುಚ್ಚುತ್ತದೆ.

ಇದು ಬರೀ ಊಹೆಯ ಮಾತಲ್ಲ. 2012ರಲ್ಲಿ ತಮಿಳಿನ ‘3’ ಚಿತ್ರದ ನಿರ್ಮಾಪಕರು ಮದ್ರಾಸ್ ಹೈಕೋರ್ಟಿನಿಂದ ಅನಾಮಧೇಯ ಪ್ರತಿವಾದಿಗಳ ವಿರುದ್ಧ ಆದೇಶ ತಂದಾಗ, ಸೇವಾ ಕಂಪನಿಗಳು ವಿಮಿಯೊದಂಥ ಸಾಚಾ ತಾಣವನ್ನೂ ಸೇರಿಸಿ ಹಲವು ತಾಣಗಳನ್ನು ಪೂರ್ತಿ ತಡೆದವು. ಅದೇ ವರ್ಷದ ಜೂನ್‌ನಲ್ಲಿ ಹೈಕೋರ್ಟ್, ಆದೇಶ ನಿರ್ದಿಷ್ಟ ಯುಆರ್‌ಎಲ್‌ಗಳಿಗೆ (ಪುಟಗಳ ಪೂರ್ತಿ ವಿಳಾಸಗಳಿಗೆ) ಮಾತ್ರ ಅನ್ವಯ ಎಂದು ಸ್ಪಷ್ಟಪಡಿಸಬೇಕಾಯಿತು. ಇಂಥ ಆದೇಶಗಳಿಗೆ ‘ಜಾನ್ ಡೋ’ ಎಂದೂ ಭಾರತದಲ್ಲಿ ‘ಅಶೋಕ್ ಕುಮಾರ್’ ಎಂದೂ ಹೆಸರು. 2016ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್, ಚಿತ್ರಸಂಸ್ಥೆ ಇರೋಸ್ ಕೊಟ್ಟ ಲಿಂಕುಗಳ ಪಟ್ಟಿಯನ್ನು ಹಾಗೇ ಒಪ್ಪಲಿಲ್ಲ. ಒಬ್ಬರು ಹುಡುಕಿದ ಲಿಂಕುಗಳನ್ನು ಮತ್ತೊಬ್ಬರು ಪರಿಶೀಲಿಸಬೇಕು, ವಕೀಲರೂ ನೋಡಬೇಕು, ನಂತರ ಅಫಿಡವಿಟ್ ಮೇಲೆ ಕೊಡಬೇಕು ಎಂಬ ಶಿಸ್ತನ್ನು ತಂದರು. ತಡೆ ಹಾಕಿದ ಪುಟದಲ್ಲಿ ದಾವೆಯ ವಿವರ ಇರಬೇಕು, ಬಾಧಿತರು ನ್ಯಾಯಾಲಯಕ್ಕೆ ಬರಬಹುದು ಎಂದೂ ಬರೆದಿರಬೇಕು ಎಂದರು. ಈ ಎರಡನೆಯ ನಿರ್ದೇಶನವನ್ನು ಪ್ರತಿಯೊಂದು ನ್ಯಾಯಾಲಯವೂ ಪಾಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಇಡೀ ತಾಣವನ್ನು ಯಾವಾಗ ಮುಚ್ಚಿಸಬಹುದು? 2019ರ ಏಪ್ರಿಲ್ 10ರ ಯುಟಿವಿ ಪ್ರಕರಣದ ತೀರ್ಪಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಮನಮೋಹನ್ ಇದಕ್ಕೆ ಒರೆಗಲ್ಲು ಕೊಟ್ಟರು. ತಾಣದ ಮುಖ್ಯ ಉದ್ದೇಶವೇ ಕಳ್ಳಪ್ರತಿ ಹಂಚುವುದೇ? ಮಾಲೀಕರ ಗುರುತು ಮರೆಮಾಚಿದೆಯೇ? ನೋಟಿಸ್ ಕೊಟ್ಟರೂ ಉತ್ತರವಿಲ್ಲವೇ? ಬೇರೆ ದೇಶದ ನ್ಯಾಯಾಲಯಗಳು ತಡೆದಿವೆಯೇ? ಇಂಥವನ್ನೆಲ್ಲ ಒಟ್ಟಿಗೆ ತೂಗಬೇಕು. ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡು ಮರುದಿನ ಮತ್ತೆ ತಲೆ ಎತ್ತುವ ಪ್ರತಿರೂಪ ತಾಣಗಳಿಗೂ ಅಲ್ಲಿ ದಾರಿ ಸಿಕ್ಕಿತು: ಹೊಸ ದಾವೆ ಬೇಡ, ವಾದಿ ಅರ್ಜಿಯನ್ನೂ ಅಫಿಡವಿಟ್ಟನ್ನೂ ಜಂಟಿ ರಿಜಿಸ್ಟ್ರಾರ್ ಮುಂದಿಟ್ಟರೆ ಹಳೆಯ ಆದೇಶವೇ ಹೊಸ ಹೆಸರಿಗೂ ವಿಸ್ತರಿಸುತ್ತದೆ. 2023ರ ಆಗಸ್ಟ್‌ನಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು, ಮುಂದೆ ಸೃಷ್ಟಿಯಾಗುವ ಕೃತಿಗಳನ್ನೂ ಇದರ ರಕ್ಷಣೆಗೆ ತಂದರು. ನಿರ್ಮಾಪಕರಿಗೆ ಇದು ದೊಡ್ಡ ಅನುಕೂಲ. ಆದರೆ ಪಟ್ಟಿಗೆ ಹೆಸರು ಸೇರುವಾಗ ಎದುರು ವಾದಿಸುವವರು ಯಾರೂ ಇರುವುದಿಲ್ಲ, ಹಾಗಾಗಿ ಅಫಿಡವಿಟ್ ಅನ್ನು ಸಾಲುಸಾಲಾಗಿ ಓದುವ ಹೊಣೆ ನ್ಯಾಯಾಲಯದ ಮೇಲೆಯೇ ಬೀಳುತ್ತದೆ.

ಇನ್ನು ಸಾಕ್ಷ್ಯ. ಬಹಳಷ್ಟು ಒಳ್ಳೆಯ ಪ್ರಕರಣಗಳು ಇಲ್ಲಿ ದುರ್ಬಲವಾಗುತ್ತವೆ. ಬ್ರೌಸರಿನ ವಿಳಾಸದ ಸಾಲು ಕಾಣದಂತೆ ಕತ್ತರಿಸಿದ ಸ್ಕ್ರೀನ್‌ಶಾಟ್, ದಿನಾಂಕ ಇಲ್ಲದ ಪ್ರಿಂಟ್, ವಾಟ್ಸ್ಆ್ಯಪ್‌ನಲ್ಲಿ ಕೈಬದಲಾಗಿ ಬಂದ ವಿಡಿಯೊ ಇವೆಲ್ಲ ಸಾಮಾನ್ಯ. ವಾಟ್ಸ್ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸಿದರೆ ಮೂಲ ಕಡತದ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಂಕೇತ) ಅದಕ್ಕೆ ಹೊಂದುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್‌ಗೆ ಎರಡು ಭಾಗಗಳಿವೆ. ಒಂದನ್ನು ಪಕ್ಷಕಾರರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ ಅದನ್ನು ಯಾವ ವಿಧಾನದಲ್ಲಿ ಪಡೆದದ್ದು ಎಂಬುದನ್ನೂ ನಮೂದಿಸಬೇಕು. ಹಾಗಾಗಿ ಪುಟವನ್ನು ಪೂರ್ತಿ ವಿಳಾಸ, ದಿನಾಂಕ, ಸಮಯದೊಂದಿಗೆ ಉಳಿಸಿ. ಕಡತ ಇಳಿಸಿಕೊಂಡ ಕೂಡಲೇ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಹ್ಯಾಶ್ ತೆಗೆದು ಬರೆದಿಡಿ. ಆ ಕಡತವನ್ನು ಮತ್ತೆ ಎಡಿಟ್ ಮಾಡಬೇಡಿ.

ಎಲ್ಲದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ ಸರಿಯಾದ ಲಿಖಿತ ದೂರು ಕೊಟ್ಟರೆ, ಅದು ಮನವರಿಕೆಯಾದ ವೇದಿಕೆ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಆ ತಡೆ 21 ದಿನ ನಿಲ್ಲುತ್ತದೆ. ಅಷ್ಟರಲ್ಲಿ ನ್ಯಾಯಾಲಯದ ಆದೇಶ ತಂದುಕೊಡದಿದ್ದರೆ ವೇದಿಕೆ ಅದನ್ನು ಮತ್ತೆ ತೋರಿಸಬಹುದು. ಈ 21 ದಿನ ಮರೆತು ಕೂತವರು ಎಷ್ಟೋ ಮಂದಿ. ದೂರಿನಲ್ಲಿ ಪ್ರತಿ ಲಿಂಕ್ ಬೇರೆಬೇರೆಯಾಗಿ ಇರಲಿ. ‘ನಮ್ಮ ಹಾಡುಗಳೆಲ್ಲ’ ಎಂಬಂಥ ಒಟ್ಟಾರೆ ದೂರು ಸಾಲದು ಎಂದು 2016ರ ಮೈಸ್ಪೇಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ಕೃತಕ ಬುದ್ಧಿಮತ್ತೆಯ ವ್ಯಾಜ್ಯಗಳಲ್ಲಿ ಈ ಲಿಂಕಿನ ಲೆಕ್ಕವೇ ಕೈಕೊಡುತ್ತದೆ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವ ಉಪಕರಣಗಳ ವಿರುದ್ಧ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ರಕ್ಷಣೆ ಕೊಟ್ಟಿತು. ಅಲ್ಲಿ ತಡೆಯಬೇಕಾದದ್ದು ಒಂದು ಹಾಡಿನ ಪ್ರತಿಯನ್ನಷ್ಟೇ ಅಲ್ಲ, ಆ ದನಿಯನ್ನು ಹುಟ್ಟಿಸುವ ಸಾಮರ್ಥ್ಯವನ್ನೂ. ಎಎನ್‌ಐ ಸುದ್ದಿಸಂಸ್ಥೆ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ, ಕೃತಕ ಬುದ್ಧಿಮತ್ತೆಯ ಮಾದರಿಯ ತರಬೇತಿಗಾಗಿ ಸುದ್ದಿ ಸಂಗ್ರಹಿಸಿದ್ದೇ ಉಲ್ಲಂಘನೆಯೇ, ಸರ್ವರ್ ಅಮೆರಿಕದಲ್ಲಿರುವಾಗ ಇಲ್ಲಿನ ನ್ಯಾಯಾಲಯಕ್ಕೆ ಅಧಿಕಾರ ಇದೆಯೇ ಎಂಬ ಪ್ರಶ್ನೆಗಳೂ ಇವೆ. ಮಾದರಿಯೊಳಗೆ ಒಮ್ಮೆ ಕಲಸಿಹೋದದ್ದನ್ನು ಒಂದು ಪುಟದಂತೆ ಕಿತ್ತು ತೆಗೆಯಲಾಗದು. ಅಲ್ಲಿ ಆದೇಶದ ಅಳತೆ ಹೇಗಿರಬೇಕು ಎಂಬುದನ್ನು ನ್ಯಾಯಾಧೀಶರು ತಂತ್ರಜ್ಞರನ್ನು ಕೂರಿಸಿಕೊಂಡೇ ನಿರ್ಧರಿಸಬೇಕು.

ನಿಮ್ಮ ಖಾತೆ ಅಥವಾ ತಾಣವೇ ತಪ್ಪಾಗಿ ತಡೆಗೆ ಒಳಗಾದರೆ ಮೊದಲು ಆದೇಶದ ಪ್ರತಿ ಮತ್ತು ದಾವೆಯ ಸಂಖ್ಯೆ ಪಡೆಯಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 4ನೇ ನಿಯಮದಡಿ ಆ ತಡೆಯಾಜ್ಞೆಯನ್ನು ರದ್ದುಮಾಡಲು ಅಥವಾ ಕಿರಿದುಗೊಳಿಸಲು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಮುಖ್ಯ ವಿಷಯದಲ್ಲಿ ವಾದಿ ಗೊತ್ತಿದ್ದೂ ಸುಳ್ಳು ಹೇಳಿದ್ದು, ನಿಮ್ಮನ್ನು ಕೇಳದೆ ಆದೇಶ ಆಗಿದ್ದರೆ, ನ್ಯಾಯಾಲಯ ಸಾಮಾನ್ಯವಾಗಿ ಆ ಆದೇಶವನ್ನು ತೆರವು ಮಾಡಲೇಬೇಕು. ವಾಣಿಜ್ಯ ನ್ಯಾಯಾಲಯದ ಆದೇಶಕ್ಕೆ ಮೇಲ್ಮನವಿ ಸಲ್ಲಿಸಲು 60 ದಿನ ಕಾಲಾವಕಾಶ ಇದೆ. ದಾವೆ ಬರಬಹುದು ಎಂಬ ಸುಳಿವು ಮೊದಲೇ ಸಿಕ್ಕಿದ್ದರೆ ಅದೇ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ. ಅದರ ಆಯುಷ್ಯ 90 ದಿನ, ಮುಗಿದ ಮೇಲೆ ಹೊಸದಾಗಿ ಸಲ್ಲಿಸಬೇಕು.