ಕ್ಯಾತ್ಸಂದ್ರ ದಾಟಿದ ಮೇಲೆ ಪುಸ್ತಕ

ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರ್‌ನಲ್ಲಿದ್ದಾಗ ಮೂರು ಬಣ್ಣದ ಸ್ಕೆಚ್ ಪೆನ್ನುಗಳಿಂದ ಗೆರೆ ಎಳೆದು, ಸಂಜೆ 7ರಿಂದ ರಾತ್ರಿ 11ರವರೆಗೆ ಓದು ಎಂದು ಬರೆದ ವೇಳಾಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ್ದೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದ ನಾನು ಮನೆ ಸೇರುತ್ತಿದ್ದುದೇ ಏಳೂವರೆಗೆ ಎಂಬುದು ಆಗ ಹೊಳೆಯಲೇ ಇಲ್ಲ. ಊಟ, ಲ್ಯಾಬಿನ ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಮುಗಿಯುವಷ್ಟರಲ್ಲಿ ಹತ್ತು ಗಂಟೆ. ಪುಸ್ತಕ ತೆರೆದರೆ ತೂಕಡಿಕೆ. ಕಾಲೇಜಿನ ಒಳಪರೀಕ್ಷೆಯಾದ ಮೊದಲ ಇಂಟರ್ನಲ್ಸ್‌ನಲ್ಲಿ ಬಂದ ಅಂಕಗಳನ್ನು ಮನೆಯಲ್ಲಿ ಹೇಳಲು ಎರಡು ದಿನ ತೆಗೆದುಕೊಂಡೆ.

ಆಮೇಲೆ ಒಂದು ವಾರ, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹೊತ್ತು ಎಲ್ಲೆಲ್ಲಿ ಹೋಗುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟೆ. ದಿನಕ್ಕೆ ಸುಮಾರು ಮೂರು ಗಂಟೆ ರೈಲಿನಲ್ಲೇ ಕಳೆಯುತ್ತಿದ್ದೆ, ಅದರಲ್ಲಿ ಬಹುಪಾಲು ಮೊಬೈಲ್ ನೋಡುತ್ತ. ಬೆಳಿಗ್ಗೆ ತುಮಕೂರಿನಲ್ಲೇ ಹತ್ತುವುದರಿಂದ ಸೀಟು ಸಿಗುತ್ತಿತ್ತು. ಸಂಜೆ ಯಶವಂತಪುರದಲ್ಲಿ ಹತ್ತಿದರೆ ನಿಡವಂದದವರೆಗೂ ನಿಂತೇ ಬರಬೇಕು. ಹಾಗಾಗಿ ಕೆಲಸವನ್ನೂ ಅದಕ್ಕೆ ತಕ್ಕಂತೆ ಹಂಚಿಕೊಂಡೆ. ತುಮಕೂರಿನ ಮುಂದಿನ ನಿಲ್ದಾಣ ಕ್ಯಾತ್ಸಂದ್ರ ದಾಟುತ್ತಲೇ ಹಿಂದಿನ ದಿನದ ಪಾಠ ತೆರೆದು ದಾಬಸ್‌ಪೇಟೆಯವರೆಗೆ ಓದುವುದು, ಅಲ್ಲಿ ಪುಸ್ತಕ ಮುಚ್ಚಿ ಅದನ್ನೇ ನೋಡದೆ ಬರೆಯುವುದು. ವಿದ್ಯುತ್ ಮಂಡಲವನ್ನು ಸರಳಗೊಳಿಸುವ ಥೆವೆನಿನ್ ಪ್ರಮೇಯದ ಲೆಕ್ಕದಲ್ಲಿ ರೋಧ ಕಂಡುಹಿಡಿಯುವ ಮುನ್ನ ವೋಲ್ಟೇಜ್ ಮೂಲವನ್ನು ಶಾರ್ಟ್ ಮಾಡಬೇಕೆಂಬುದನ್ನು, ಅಂದರೆ ಅದರ ಜಾಗದಲ್ಲಿ ಬರಿಯ ತಂತಿ ಇದೆಯೆಂದುಕೊಳ್ಳಬೇಕೆಂಬುದನ್ನು, ನಾನು ಪ್ರತಿ ಸಲವೂ ಮರೆಯುತ್ತಿದ್ದೇನೆಂದು ಗೊತ್ತಾದದ್ದು ಹೀಗೆ ಬರೆದಾಗಲೇ. ಹತ್ತು ಸಲ ಓದಿದಾಗಲೂ ಅದು ಗೊತ್ತಾಗಿರಲಿಲ್ಲ. ಸಂಜೆ ನಿಂತಾಗ, ಅಂದು ಕೇಳಿದ ಪಾಠಗಳನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದೆ.

ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಸಾಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಪರೀಕ್ಷೆಗೆ ಮುಂಚಿನ ರಜೆಯನ್ನೇ ನಂಬಿ ಕೂತವರು ಹಳೆಯ ಪಾಠವನ್ನು ಹೊಸದಾಗಿ ಕಲಿಯಬೇಕಾಗುವುದು ಇದರಿಂದಲೇ.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಪಠ್ಯದ ಭಾಗಗಳಾದ ಐದು ಮಾಡ್ಯೂಲ್‌ಗಳಿದ್ದು, ಪ್ರತಿಯೊಂದರಲ್ಲೂ ಎರಡು ಪೂರ್ಣ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರಿಸಬೇಕು. ಒಂದು ಮಾಡ್ಯೂಲ್ ಕೈಬಿಟ್ಟರೆ 100ರಲ್ಲಿ 20 ಅಂಕ ನೇರವಾಗಿ ಹೋದಂತೆಯೇ. ಹಾಗಿದ್ದೂ 'ನಾಲ್ಕು ಓದಿದರೆ ಸಾಕು' ಎನ್ನುವವರು ನಮ್ಮ ಬೋಗಿಯಲ್ಲೇ ಇದ್ದರು. ನಾನು ವಾರಕ್ಕೊಮ್ಮೆ ಹಳೆಯ ಪತ್ರಿಕೆಯ ಒಂದು ಪ್ರಶ್ನೆಯನ್ನು ಗಡಿಯಾರ ನೋಡಿಕೊಂಡು ಬರೆಯುತ್ತಿದ್ದೆ. ಮೂರು ಗಂಟೆಗೆ ಐದು ಉತ್ತರವೆಂದರೆ ಒಂದಕ್ಕೆ 36 ನಿಮಿಷ.

ರೆಕಾರ್ಡಿಗೆ ಮಾತ್ರ ನನಗೆ ಕೊನೆಯವರೆಗೂ ಉಪಾಯ ಸಿಗಲಿಲ್ಲ. ರೈಲಿನ ಕುಲುಕಾಟದಲ್ಲಿ ಗ್ರಾಫ್ ಗೆರೆ ನೆಟ್ಟಗೆ ಬರುವುದಿಲ್ಲ, ರಾತ್ರಿ ಕೂತರೆ ಕಣ್ಣು ಎಳೆಯುತ್ತದೆ. ನಾಲ್ಕು ವರ್ಷದ ಭಾನುವಾರಗಳ ಬೆಳಗನ್ನೆಲ್ಲ ಅದಕ್ಕೇ ಕೊಟ್ಟೆ. ಗೋಡೆಯ ಬಣ್ಣದ ಪಟ್ಟಿಯನ್ನು ಅಮ್ಮ ಯಾವಾಗಲೋ ಕಿತ್ತು, ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದಿದ್ದರು.