ತುಳಿದ ಸೊಪ್ಪಿನ ಮಡಿ

ವೇರಾ ಖಿತಿಲೊವಾ 1966ರಲ್ಲಿ ಮಾಡಿದ ಚೆಕ್ ಸಿನಿಮಾ ‘ಡೇಸೀಸ್’ ಡಿವಿಡಿಯಲ್ಲಿ ನೋಡಿದೆ. ಲೋಕವೇ ಕೆಟ್ಟಿದೆ, ನಾವೂ ಕೆಡೋಣ ಅಂತ ಹೊರಡುವ ಇಬ್ಬರು ಹುಡುಗಿಯರು; ಕತೆ ಅಷ್ಟೇ. ಅವರು ಕತ್ತರಿಯಿಂದ ಒಬ್ಬರನ್ನೊಬ್ಬರು ಕತ್ತರಿಸುತ್ತಾ ಹೋದಂತೆ ಪರದೆಯೇ ಚೂರುಚೂರು! ಪಾಜ್ ಒತ್ತಿ ಒತ್ತಿ ನೋಡಿದೆ, ಥಿಯೇಟರಿನಲ್ಲಿ ಈ ಭಾಗ್ಯ ಎಲ್ಲಿ?

ಕೊನೆಗೆ ದೊಡ್ಡ ಔತಣವೊಂದನ್ನು ತಿಂದು, ತುಳಿದು ಹಾಕುತ್ತಾರೆ. ಅನ್ನ ಹಾಳು ಮಾಡಿದರೆಂದು 1967ರಲ್ಲಿ ಚೆಕೊಸ್ಲೊವಾಕಿಯಾದ ಸಂಸತ್ತಿನಲ್ಲೇ ಆಕ್ಷೇಪ ಎದ್ದಿತ್ತು. ಅನ್ನ ತುಳಿಯಬಾರದು ಅಂತ ಕೇಳಿ ಬೆಳೆದ ನನಗೂ ಸಂಕಟವಾಯಿತು. ಆದರೆ ಮುಗಿಯುವುದು ಬಾಂಬಿಗೆ ಪಾಳುಬಿದ್ದ ಊರಿನ ದೃಶ್ಯದಿಂದ. ಅದರ ಮೇಲೆ ಗುಂಡಿನ ಸದ್ದಿನೊಂದಿಗೆ ಅಕ್ಷರಗಳು: ತುಳಿದ ಸೊಪ್ಪಿನ ಮಡಿಗೆ ಮಾತ್ರ ಸಿಟ್ಟಾಗುವವರಿಗೆ ಈ ಚಿತ್ರ ಅರ್ಪಣೆ. ಎಂಥ ಧೈರ್ಯ ಆ ಹೆಣ್ಣುಮಗಳದು! ಸಿಕ್ಕರೆ ಬಿಡಬೇಡಿ.