ತಡಿಯಂಡಮೋಳ್ ಹತ್ತುವ ಹಾದಿ
ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತ್ಯುನ್ನತ ಶಿಖರವಾದರೂ, ಕಕ್ಕಬ್ಬೆಯ ಕಡೆಯಿಂದ ಏರುವ ದಾರಿ ನಡೆದು ರೂಢಿಯಿರುವ ಯಾರಿಗೂ ನಿಲುಕುವಂಥದ್ದು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಬೆಟ್ಟದ ಬುಡದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಇಳಿದು ಬಂದ ಮೇಲೆ ಕಾಲು ಒಪ್ಪುವುದಿಲ್ಲ.

ಕಾಫಿ ತೋಟಗಳ ನಡುವಿನ ಜೀಪು ದಾರಿ ಸಲೀಸಾಗಿ ಸಾಗುತ್ತದೆ. ನಿಜವಾದ ಏರು ಶುರುವಾಗುವುದು ಕೊನೆಯ ಭಾಗದಲ್ಲಿ, ಹುಲ್ಲುಗಾವಲು ಹಿಂದುಳಿದು ಶೋಲಾ, ಅಂದರೆ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಗಿಡ್ಡ ಮರಗಳ ನಿತ್ಯಹಸಿರು ಕಾಡು, ಸುತ್ತುವರಿದಾಗ: ಅಲ್ಲಿ ಕೊಚ್ಚಿಹೋದ ಮಣ್ಣಿನಿಂದ ಹೊರಚಾಚಿದ ಬೇರುಗಳೇ ಮೆಟ್ಟಿಲು, ಹಿಡಿಯಲು ಆಸರೆಯೂ ಅವೇ. ಮಳೆಗಾಲದಲ್ಲಿ ಆ ಬೇರುಗಳು ಜಾರುತ್ತವೆ, ಜಿಗಣೆಗಳು ಸಾಕ್ಸಿನ ನೇಯ್ಗೆಯೊಳಗೂ ನುಸುಳುತ್ತವೆ. ಉಪ್ಪಿನ ಪೊಟ್ಟಣ ಮರೆಯಬಾರದು. ನನ್ನ ಮಟ್ಟಿಗೆ ಮಳೆ ನಿಂತು ಹುಲ್ಲು ಇನ್ನೂ ಹಸಿರಾಗಿರುವ ನವೆಂಬರ್ ಪ್ರಶಸ್ತ. ತುದಿಯಲ್ಲಿ ನೆರಳಿಲ್ಲದ ಕಾರಣ ಬೆಳಗ್ಗೆ ಬೇಗ ಹೊರಡಬೇಕು.